ಹೆಣ ಎತ್ತೋಕೆ ಬರೋ ಡಬ್ಬಿ ಮೊದಲೇ ಯಾಕೆ ಬರಲಿಲ್ಲ?

ಹಾಸ್ಟೆಲಿನ ಗೆಳೆಯರೇ,

ಈ ಸಂಚಿಕೆಗೆ ಕವಿತೆ ಕೊಡ್ತೀವಿ ಅಂದಿದ್ದೆವು. ಕೊಡುತ್ತಿಲ್ಲ. ಒಂದು ಡಬ್ಬಿಯ ವಿಚಾರ ಬರೆದಿದ್ದೇವೆ.

ಅಂಗೈಯಲ್ಲಿ ಹಿಡಿಸುವಷ್ಟು ಡಬ್ಬಿ. ಎದೆಗೆ ಕ್ಲಿಪ್ಪು ಹಾಕಿ ಸಿಕ್ಕಿಸಿಕೊಳ್ಳುವಂಥದ್ದು. ಗಾಳಿಯನ್ನು ಮೂಸಿ ನೋಡಿ, ಇದು ಬದುಕಿಸುವ ಗಾಳಿಯೋ ಕೊಲ್ಲುವ ಗಾಳಿಯೋ ಅಂತ ಅಂಕಿಯಲ್ಲಿ ಹೇಳುತ್ತದೆ. ಕೊಲ್ಲುವ ಗಾಳಿಯಾದರೆ ಕೂಗುತ್ತದೆ, ದೀಪ ಮಿನುಗಿಸುತ್ತದೆ, ಎದೆ ಮೇಲೆ ನಡುಗುತ್ತದೆ. ಗ್ಯಾಸ್ ಮೀಟರ್ ಅಂತಾರೆ, ಗ್ಯಾಸ್ ಡಿಟೆಕ್ಟರ್ ಅಂತಾರೆ. ಬೆಂಕಿ ಆರಿಸುವವರು, ಗುಂಡಿಗೆ ಬಿದ್ದವರನ್ನು ಎತ್ತುವವರು, ಕಾರ್ಖಾನೆಯ ಅವಘಡಕ್ಕೆ ಓಡುವವರು ಬಳಸುವ ಸಾಮಾನು. ಇದೇನು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಉರಿಯುವ ಗಾಳಿಯನ್ನು ಅಳೆಯುವ ಮೀಟರನ್ನು ಅಮೆರಿಕದ ಆಲಿವರ್ ಜಾನ್ಸನ್ ಎಂಬಾತ 1926-27ರಲ್ಲೇ ಮಾಡಿದ್ದ. ನೂರು ವರ್ಷ ಆಗ್ತಾ ಬಂತು.

ಡಬ್ಬಿ ಕಟ್ಕೊಂಡು ನಾವೇನು ಮಾಡೋಣ, ನಾವು ಬಿ.ಎ. ಓದಿದವರು ಅನ್ನಬೇಡಿ. ನಾವೂ ಬಿ.ಎ. ಓದಿದವರೇ. ಹಳಗನ್ನಡದ ಛಂದಸ್ಸು ಬಾಯಿಪಾಠ ಮಾಡಿ ಪಾಸಾದವರು. ನಮ್ಮಪ್ಪ ನಮ್ಮ ಮಾವ ಇಳಿಯುವ ಗುಂಡಿಯಲ್ಲಿ ಯಾವ ಗಾಳಿ ಇದೆ ಅಂತ ಮೂರು ವರ್ಷದ ಡಿಗ್ರಿಯಲ್ಲಿ ಯಾವ ಮೇಷ್ಟರೂ ನಮಗೆ ಹೇಳಲಿಲ್ಲ. ನಾವೂ ಕೇಳಲಿಲ್ಲ. ಆ ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇವೆ.

2017ರ ಮಾರ್ಚಿನಲ್ಲಿ ಸಿ.ವಿ. ರಾಮನ್ ನಗರದ ಕಗ್ಗದಾಸಪುರದಲ್ಲಿ ಮ್ಯಾನ್‌ಹೋಲ್‌ಗೆ ಇಳಿದು ಮೂವರು ಸತ್ತರು. ಮೊದಲು ಇಳಿದವರು ಮೇಲೆ ಬರಲಿಲ್ಲ. ಏನಾಯ್ತು ಅಂತ ನೋಡೋಕೆ, ಎತ್ತೋಕೆ ಇಳಿದವನೂ ಬರಲಿಲ್ಲ. 2018ರ ಜನವರಿಯಲ್ಲಿ, ನಮ್ಮ ಬಿಟಿಎಂ ಲೇಔಟಿನಿಂದ ಸಿಲ್ಕ್ ಬೋರ್ಡ್ ದಾಟಿದರೆ ಸಿಗುವ ಎಚ್‌ಎಸ್‌ಆರ್ ಲೇಔಟಿನ ಆಚೆ, ಸೋಮಸುಂದರಪಾಳ್ಯದಲ್ಲಿ ಒಂದು ಅಪಾರ್ಟ್‌ಮೆಂಟಿನ ಕೊಳಚೆ ಶುದ್ಧೀಕರಣದ ಗುಂಡಿಯೊಳಗೆ ಮತ್ತೆ ಮೂವರು. ಇದು ರಸ್ತೆಯಲ್ಲಲ್ಲ, ಗೇಟಿನ ಒಳಗೆ. ಗೇಟಿಗೆ ಕಾವಲುಗಾರ ಇದ್ದ ಜಾಗ, ಬರೋರು ಹೋಗೋರ ಹೆಸರು ಬರೆಸಿಕೊಳ್ಳುವಂಥ ಜಾಗ. ಗುಂಡಿಯೊಳಗೆ ಇಳಿಯುವಾಗ ಮಾತ್ರ ಯಾವ ಪುಸ್ತಕವೂ ಇಲ್ಲ.

ಆಮೇಲಿನ ದೃಶ್ಯ ನಿಮಗೂ ಗೊತ್ತು. ಕೆಂಪು ವಾಹನ ಬರುತ್ತದೆ. ಬೆನ್ನಿಗೆ ಗಾಳಿ ಸಿಲಿಂಡರ್, ಮುಖಕ್ಕೆ ಮಾಸ್ಕ್, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಸಿಬ್ಬಂದಿ ಇಳಿದು ಹೆಣ ಎತ್ತುತ್ತಾರೆ. ಅವರ ಮೇಲೆ ನಮಗೆ ಸಿಟ್ಟಿಲ್ಲ. ಅವರೂ ಬಡವರ ಮಕ್ಕಳೇ, ಜೀವ ಒತ್ತೆ ಇಟ್ಟು ಇಳಿಯುವವರು. ನಮ್ಮ ಪ್ರಶ್ನೆ ಇಷ್ಟೇ. ಸತ್ತವನನ್ನು ಎತ್ತೋಕೆ ಮಾಸ್ಕು, ಹಗ್ಗ, ಮೀಟರು ಎಲ್ಲ ಬೇಕು ಅಂತ ಈ ಊರಿಗೆ ಗೊತ್ತಿದೆ. ಬದುಕಿರುವವನನ್ನು ಇಳಿಸುವಾಗ ಮಾತ್ರ ಒಂದು ಬಕೆಟ್ಟು, ಒಂದು ಗುದ್ದಲಿ, ಕಾಲು ಬಾಟಲಿ ಎಣ್ಣೆ ಸಾಕು ಅಂತ ಯಾರು ತೀರ್ಮಾನ ಮಾಡಿದರು?

ಮೀಟರ್ ಇಲ್ಲದ ಕಡೆ ನಮ್ಮವರ ಮೀಟರ್ ಯಾವುದು ಗೊತ್ತೇ? ಜಿರಳೆ. ಮುಚ್ಚಳ ಎತ್ತಿದಾಗ ಜಿರಳೆ ಓಡಾಡ್ತಾ ಇದ್ರೆ ಗಾಳಿ ಇದೆ ಅಂತ ಲೆಕ್ಕ. ಇಲ್ಲವೇ ಬೆಂಕಿಕಡ್ಡಿ ಗೀರಿ ಹಾಕೋದು. ಮೀಥೇನ್ ಇರುವ ಗುಂಡಿಗೆ ಬೆಂಕಿಕಡ್ಡಿ! ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ಪಂಜರದ ಕ್ಯಾನರಿ ಹಕ್ಕಿಯನ್ನು ಒಯ್ಯುತ್ತಿದ್ದರು. ಹಕ್ಕಿ ಮುದುಡಿದರೆ ಮನುಷ್ಯರು ಹೊರಗೆ ಓಡುತ್ತಿದ್ದರು. 1986ರಲ್ಲಿ ಆ ಹಕ್ಕಿಗೂ ಬಿಡುಗಡೆ ಕೊಟ್ಟು ಮೀಟರ್ ತಂದರು. ಇಲ್ಲಿ ನೋಡಿದರೆ ನಮ್ಮವರೇ ಹಕ್ಕಿ.

ಎಪ್ಪತ್ತರ ದಶಕದಲ್ಲಿ ಅರಸು ಸರ್ಕಾರದ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ತಲೆ ಮೇಲಿನ ಬುಟ್ಟಿ ಇಳಿಯಿತು. ಆದರೆ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿಗಳು ಪುರಸಭೆಯ ಎದುರು ಮೈಗೆ ಮಲ ಸುರಿದುಕೊಂಡು ನಿಂತಾಗಲೇ ನಾಡಿಗೆ ಗೊತ್ತಾಗಿದ್ದು, ಬುಟ್ಟಿ ಎಲ್ಲೂ ಹೋಗಿಲ್ಲ ಅಂತ. ಬೆಂಗಳೂರಿನಲ್ಲಿ ಅದು ನೆಲದ ಕೆಳಗೆ ಹೋಗಿದೆ. ಜಯನಗರದ, ಬಿಟಿಎಮ್ಮಿನ ಕೊಳಚೆ ಬೆಳ್ಳಂದೂರಿನ ಕಡೆಗೆ ಹರಿಯುತ್ತದೆ, ಬನಶಂಕರಿಯ ಪಡುವಣ ಮಗ್ಗುಲಿನದು ವೃಷಭಾವತಿಗೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಹೆಸರುಗಳನ್ನು ಒತ್ತಿ ಹಿಂಡಿ ಬಿಟಿಎಂ ಅಂತ ಮಾಡಿಕೊಂಡರು. ಅಗಲ ರಸ್ತೆ, ಪಾರ್ಕು, ಫಿಲ್ಟರ್ ಕಾಫಿ ಎಲ್ಲ ಮೇಲೆ. ಕೆಳಗೆ ಕಟ್ಟಿಕೊಂಡಾಗ ಮಾತ್ರ ನಮ್ಮ ನೆನಪು.

ಈಗ ಕಾನೂನಿಗೆ ಬರೋಣ. 2013ರ ಕಾಯ್ದೆ ಇದೆ. ಮಲ ಹೊರುವವರ ನೇಮಕ ನಿಷೇಧ ಮತ್ತು ಪುನರ್ವಸತಿ ಕಾಯ್ದೆ. ಅದರ 7ನೇ ಕಲಂ ಪ್ರಕಾರ ಒಳಚರಂಡಿ, ಮಲದ ಗುಂಡಿಗಳ ಅಪಾಯಕಾರಿ ಶುಚಿಗೆ ಯಾರನ್ನೂ, ನೇರವಾಗಿ ಆಗಲಿ ಕಂಟ್ರಾಕ್ಟರ್ ಮೂಲಕ ಆಗಲಿ, ಹಚ್ಚುವಂತಿಲ್ಲ. ಜಲಮಂಡಳಿಗೂ ಇದೇ, ಜೆ.ಪಿ. ನಗರದ ಅಪಾರ್ಟ್‌ಮೆಂಟ್ ಸಂಘಕ್ಕೂ ಇದೇ. ಮೊದಲ ತಪ್ಪಿಗೆ 2 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ 5 ವರ್ಷ, 5 ಲಕ್ಷ. ಪರಿಶಿಷ್ಟರನ್ನು ಮಲ ಬಾಚೋಕೆ ಹಚ್ಚಿದರೆ ಅದು ದೌರ್ಜನ್ಯ ಅಂತ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿಯನ್ನೂ ತಂದರು.

ಓದಿದರೆ ಎದೆ ತುಂಬಿ ಬರುತ್ತದೆ. ಆದರೆ ಕಣ್ಣು ಬಿಟ್ಟು ಇನ್ನೊಂದು ಸಲ ಓದಿ. 'ಅಪಾಯಕಾರಿ ಶುಚಿ' ಅಂದರೆ ಏನು? ಅದೇ ಕಾಯ್ದೆಯ 2ನೇ ಕಲಮಿನಲ್ಲಿ ಅರ್ಥ ಬರೆದಿದ್ದಾರೆ. ರಕ್ಷಣಾ ಸಲಕರಣೆ ಕೊಡದೆ, ಸುರಕ್ಷತಾ ಕ್ರಮ ಪಾಲಿಸದೆ ಮನುಷ್ಯನಿಂದ ಮಾಡಿಸಿದರೆ ಅದು ಅಪಾಯಕಾರಿ. ಹಾಗಾದರೆ ಸಲಕರಣೆ ಕೊಟ್ಟು ಇಳಿಸಿದರೆ? ಅಲ್ಲಿದೆ ನೋಡಿ ಕಿಂಡಿ. ಅದೇ ವರ್ಷದ ನಿಯಮಗಳಲ್ಲಿ ಆ ಸಲಕರಣೆಗಳ ಉದ್ದ ಪಟ್ಟಿ ಇದೆ. ಹೆಲ್ಮೆಟ್ಟು, ಗಮ್‌ಬೂಟು, ಉಸಿರಾಟದ ಯಂತ್ರ, ಮೇಲಿಂದ ಎಳೆಯುವ ಮುಕ್ಕಾಲಿ, ಹಗ್ಗದ ಏಣಿ. ಅದರ ನಡುವೆ ಒಂದು ಸಾಲು: ನಾಲ್ಕು ಅನಿಲಗಳ ಗ್ಯಾಸ್ ಮಾನಿಟರ್. ನಮ್ಮ ಡಬ್ಬಿ! ಇಳಿಸುವ ಮೊದಲು ಆಮ್ಲಜನಕ ಕಮ್ಮಿ ಇದೆಯಾ, ವಿಷಗಾಳಿ ಇದೆಯಾ, ಉರಿಯುವ ಗಾಳಿ ಇದೆಯಾ ಅಂತ ಪರೀಕ್ಷೆ ಮಾಡಲೇಬೇಕು ಅಂತಲೂ ಇದೆ. ಕನಿಷ್ಠ ಮೂರು ಜನ ಹಾಜರಿರಬೇಕು, ಒಬ್ಬ ಮೇಲ್ವಿಚಾರಕನಾಗಿರಬೇಕು ಅಂತಲೂ ಇದೆ.

ಅಂದಮೇಲೆ ಈ ಡಬ್ಬಿ ಎರಡು ಅಲಗಿನ ಕತ್ತಿ. ಇಲ್ಲದಿದ್ದರೆ ನಮ್ಮವನು ಸಾಯುತ್ತಾನೆ. ಇದ್ದರೆ, "ಸಾರ್, ಎಲ್ಲ ಸಲಕರಣೆ ಕೊಟ್ಟಿದ್ದೆವು, ಅವನೇ ಹಾಕಿಕೊಳ್ಳಲಿಲ್ಲ" ಅನ್ನುವ ಅಫಿಡವಿಟ್ಟಿಗೆ ಆಧಾರವಾಗುತ್ತದೆ.

ಇದು ಕಲ್ಪನೆ ಅನ್ನಿಸಿದರೆ ನಾವು ಕಣ್ಣಾರೆ ಕಂಡದ್ದು ಹೇಳ್ತೀವಿ. ನಮ್ಮ ಗೆಳೆಯನೊಬ್ಬನ ಸೋದರಮಾವ ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಎಸ್‌ಟಿಪಿ ನೋಡಿಕೊಳ್ಳುತ್ತಾರೆ. ಹೆಸರು ಬೇಡ, ಅವರ ಕೆಲಸ ಉಳೀಬೇಕು. ಒಂದು ಭಾನುವಾರ ನಾಲ್ಕು ಜನ ಹೋದೆವು. ಡಬ್ಬಿ ಇದೆಯಾ ಮಾವ ಅಂದೆವು. "ಅಯ್ಯೋ, ಐತೆ ಕಣ್ರಪ್ಪಾ, ಬೀರುವಾದಲ್ಲಿ ಐತೆ" ಅಂದರು. ತೆಗೆಸಿದರೆ ಪ್ಲಾಸ್ಟಿಕ್ ಕವರಿನಲ್ಲಿ ಮದುವಣಗಿತ್ತಿಯ ಹಾಗೆ ಕೂತಿದೆ. ಹಿಂದೆ ಅಂಟಿಸಿದ ಚೀಟಿಯಲ್ಲಿ ಕ್ಯಾಲಿಬ್ರೇಷನ್ ದಿನಾಂಕ ಮೂರು ವರ್ಷ ಹಳೆಯದು. ಬ್ಯಾಟರಿ ಸತ್ತಿತ್ತು. ಚಾರ್ಜರ್ ಹುಡುಕಿ ಹಾಕಿ, ಬಯಲಿಗೆ ತಂದು ಮರದ ಕೆಳಗೆ ಆನ್ ಮಾಡಿದೆವು. ಕಿರ್ ಅಂತ ಕೂಗೋಕೆ ಶುರು ಮಾಡಿತು. ಆಮ್ಲಜನಕ 15 ಅಂತ ತೋರಿಸ್ತಿದೆ. ಬಯಲಲ್ಲಿ 20.9 ಇರಬೇಕು. ನಿಜವಾಗಿ 15 ಇದ್ದಿದ್ದರೆ ನಾವು ನಾಲ್ಕೂ ಜನ ಅಲ್ಲೇ ತಲೆ ಸುತ್ತಿ ಕೂರಬೇಕಿತ್ತು. ಅಂದರೆ ಆಮ್ಲಜನಕ ಅಳೆಯುವ ಸೆನ್ಸಾರ್ ಹಾಳಾಗಿದೆ.

"ಆನ್ ಮಾಡಿದ್ರೆ ಸುಮ್ಕೆ ಬಡ್ಕಳ್ತದೆ ಅಂತ ಸಾಹೇಬ್ರು ಆಫ್ ಮಾಡ್ಸಿ ಎತ್ತಿಡ್ಸವ್ರೆ. ಆಡಿಟ್‌ನೋರು ಬಂದಾಗ ತೋರುಸ್ಬೇಕು ನೋಡಿ" ಅಂದರು ಮಾವ. ಮತ್ತೆ ನೀವು ಗುಂಡಿಗೆ ಇಳಿಯಲ್ವಾ ಅಂದೆವು. ಮಾವ ಉತ್ತರ ಕೊಡಲಿಲ್ಲ. ಚಾ ಕುಡೀತೀರಾ ಅಂದರು.

ಆ ಪರದೆಯ ಮೇಲೆ ಇನ್ನೊಂದು ಅಂಕಿ ಇತ್ತು. ಹೈಡ್ರೋಜನ್ ಸಲ್ಫೈಡ್: 0. ನಾವು ಮೊದಲು ಅದನ್ನು ಕಂಡು ಸಮಾಧಾನಪಟ್ಟೆವು. ಆಮೇಲೆ ಓದಿ ತಿಳಿದುಕೊಂಡದ್ದು ಏನು ಅಂದರೆ, ಶುದ್ಧ ಗಾಳಿಯಲ್ಲಿ ಈ ಅಂಕಿ ಸೊನ್ನೆ. ಸೆನ್ಸಾರ್ ಸತ್ತು ಹೋಗಿದ್ದರೂ ಸೊನ್ನೆ. ನೋಡಿದ ಮಾತ್ರಕ್ಕೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಆಮ್ಲಜನಕದ ಸೆನ್ಸಾರ್ ಸತ್ತರೆ ಕೂಗಿಯಾದರೂ ಸಾಯುತ್ತದೆ. ವಿಷಗಾಳಿಯ ಸೆನ್ಸಾರ್ ಸದ್ದಿಲ್ಲದೆ ಸಾಯುತ್ತದೆ, ಸತ್ತ ಮೇಲೂ ಎಲ್ಲ ಸರಿಯಿದೆ ಅನ್ನುತ್ತಲೇ ಇರುತ್ತದೆ. ಆ ಸೊನ್ನೆಯನ್ನು ನಂಬಿ ಮಾವ ಇಳಿದರೆ?

ಅದಕ್ಕೇ ಹೇಳ್ತಿದ್ದೇವೆ, ಇದನ್ನು ನಾವು ಕಲೀಬೇಕು. ಎಂಜಿನಿಯರ್ ಹೇಳಿದ, ಸಾಹೇಬರು ಹೇಳಿದರು ಅಂತ ಬಿಡೋಕಾಗಲ್ಲ. ಸ್ವಲ್ಪ ತಾಳ್ಮೆಯಿಂದ ಓದಿ, ಪರೀಕ್ಷೆಗೆ ಓದುವುದಕ್ಕಿಂತ ಕಷ್ಟವಿಲ್ಲ.

ಡಬ್ಬಿ ನಾಲ್ಕನ್ನು ಅಳೆಯುತ್ತದೆ. ಆಮ್ಲಜನಕ, ಉರಿಯುವ ಗಾಳಿ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮಾನಾಕ್ಸೈಡ್. ಆಮ್ಲಜನಕ ನೂರಕ್ಕೆ 20.9 ಇರಬೇಕು. 19.5ಕ್ಕೆ ಇಳಿದರೆ ಕೂಗುವಂತೆ ಇಟ್ಟಿರುತ್ತಾರೆ. ಆದರೆ 19.5ರ ತನಕ ಕಾಯುವುದು ಮೂರ್ಖತನ. ಲೆಕ್ಕ ಹಾಕಿ: ಗಾಳಿಯಲ್ಲಿ ಐದರಲ್ಲಿ ಒಂದು ಪಾಲು ಆಮ್ಲಜನಕ. 20.9 ಇದ್ದದ್ದು 19.9 ಆಯಿತು ಅಂದರೆ ಒಟ್ಟು ಗಾಳಿಯಲ್ಲಿ ಸುಮಾರು ನೂರಕ್ಕೆ ಐದು ಪಾಲನ್ನು ಇನ್ಯಾವುದೋ ಬಂದು ತಳ್ಳಿದೆ. ಆ ಇನ್ಯಾವುದೋ ಕಾರ್ಬನ್ ಡೈಆಕ್ಸೈಡ್ ಆಗಿದ್ದರೆ ಈ ಡಬ್ಬಿ ಅದರ ಹೆಸರು ಹೇಳೋದಿಲ್ಲ, ಅದನ್ನು ಅಳೆಯುವ ಸೆನ್ಸಾರೇ ಇದರಲ್ಲಿಲ್ಲ. ಆಮ್ಲಜನಕದ ಅಂಕಿ ಅಲುಗಿದರೆ ಅದೇ ಸುಳಿವು.

ಉರಿಯುವ ಗಾಳಿ ಅಂದರೆ ಗುಂಡಿಯಲ್ಲಿ ಬಹುಪಾಲು ಮೀಥೇನ್. ಗಾಳಿಯಲ್ಲಿ ನೂರಕ್ಕೆ 5 ಪಾಲು ಸೇರಿದರೆ ಕಿಡಿ ತಾಗಿದೊಡನೆ ಸಿಡಿಯುತ್ತದೆ. ಡಬ್ಬಿ ಆ 5ನ್ನೇ ನೂರು ಅಂತ ಇಟ್ಟುಕೊಂಡು ಲೆಕ್ಕ ತೋರಿಸುತ್ತದೆ. ಸಾಮಾನ್ಯವಾಗಿ 10ಕ್ಕೇ ಕೂಗುತ್ತದೆ. ಒಂದು ಮೋಸ ಇದೆ: ಈ ಸೆನ್ಸಾರ್ ಸಾಮಾನ್ಯವಾಗಿ ತನ್ನೊಳಗೆ ಗಾಳಿಯನ್ನು ಸುಟ್ಟು ನೋಡುವಂಥದ್ದು. ಸುಡೋಕೆ ಆಮ್ಲಜನಕ ಬೇಕು. ಆಮ್ಲಜನಕ ಕಮ್ಮಿ ಇರುವ ಗುಂಡಿಯಲ್ಲಿ ಮೀಥೇನ್ ತುಂಬಿದ್ದರೂ ಕಮ್ಮಿ ತೋರಿಸಬಹುದು. ಅದಕ್ಕೇ ಮೊದಲು ಆಮ್ಲಜನಕದ ಅಂಕಿ ನೋಡಬೇಕು, ಆಮೇಲೆ ಮಿಕ್ಕದ್ದು.

ಇನ್ನು ನಮ್ಮವರನ್ನು ಕೊಲ್ಲುವ ಮುಖ್ಯ ಪಾತಕಿ ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆ ವಾಸನೆ. ಗಾಳಿಯಾಡದ ರಾಡಿಯಲ್ಲಿ ಬ್ಯಾಕ್ಟೀರಿಯಾಗಳು ಇದನ್ನು ಹುಟ್ಟಿಸುತ್ತವೆ. ಹತ್ತು ಲಕ್ಷ ಪಾಲು ಗಾಳಿಯಲ್ಲಿ ಒಂದು ಪಾಲು ಅಂದರೆ 1 ಪಿಪಿಎಂ. ಡಬ್ಬಿ ಸಾಮಾನ್ಯವಾಗಿ 10 ಪಿಪಿಎಂಗೆ ಕೂಗುತ್ತದೆ. 100ರ ಹತ್ತಿರ ಬಂದರೆ ಏನಾಗುತ್ತದೆ ಗೊತ್ತೇ? ಮೂಗು ಸತ್ತು ಹೋಗುತ್ತದೆ. ವಾಸನೆಯೇ ಬರುವುದಿಲ್ಲ. "ಮೊದಲು ನಾರ್ತಿತ್ತು, ಈಗ ಹೋಯ್ತು, ಗಾಳಿ ಸರಿಯಾಯ್ತು" ಅಂತ ಇಳಿದವರು ಹಾಗೆಯೇ ಹೋದರು. ಸಾವಿರದ ಹತ್ತಿರ ಹೋದರೆ ಒಂದೆರಡು ಉಸಿರಿಗೇ ಮನುಷ್ಯ ಕುಸಿಯುತ್ತಾನೆ. ಕೂಗೋಕೂ ಆಗಲ್ಲ. ಈ ಗಾಳಿ ಮಾಮೂಲಿ ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಮೀಥೇನ್ ಹಗುರ, ಮೇಲೆ ಬರುತ್ತದೆ. ಆದ್ದರಿಂದ ಬಾಯಲ್ಲಿ ನಿಂತು ನೋಡಿದರೆ ಆಗಲಿಲ್ಲ. ಕೊಳವೆ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ನೋಡಬೇಕು. ಕೊಳವೆಯಲ್ಲಿ ಗಾಳಿ ಏರಿ ಬರೋಕೆ ಅಡಿಗೆ ಒಂದೆರಡು ಸೆಕೆಂಡು ಬೇಕು, ಅದರ ಮೇಲೆ ಸೆನ್ಸಾರಿಗೂ ಹೊತ್ತು ಬೇಕು. ಒಂದೊಂದು ಎತ್ತರದಲ್ಲಿ ಎರಡು ನಿಮಿಷವಾದರೂ ಕಾಯಿರಿ. ಕೊಳವೆ ತುದಿ ನೀರಿಗೆ ಮುಳುಗಬಾರದು.

ಇಷ್ಟೆಲ್ಲ ಮಾಡಿ ಅಂಕಿ ಸರಿ ಬಂತು ಅಂತಿಟ್ಟುಕೊಳ್ಳಿ. ಆಗಲೂ ನಂಬಬೇಡಿ. ವಿಷಗಾಳಿ ರಾಡಿಯೊಳಗೆ ಸೋಡಾ ಬಾಟಲಿಯ ಗ್ಯಾಸಿನ ಹಾಗೆ ಅಡಗಿರುತ್ತದೆ. ಕಾಲಿಟ್ಟು ಕಲಕಿದೊಡನೆ ಬುಸ್ ಅಂತ ಏಳುತ್ತದೆ. ಇಳಿಯುವ ಮೊದಲು ಸೊನ್ನೆ ಇದ್ದದ್ದು ಅರೆ ನಿಮಿಷದಲ್ಲಿ ನೂರು ದಾಟಬಹುದು. ಆದ್ದರಿಂದ ಡಬ್ಬಿ ಮೂಗಿನ ಹತ್ತಿರ, ಎದೆ ಮೇಲೆ, ಕೊನೆವರೆಗೂ ಆನ್ ಆಗಿರಬೇಕು. ಜೇಬಿನೊಳಗೆ ಹಾಕಿದರೆ ಅದು ಜೇಬಿನ ಗಾಳಿ ಅಳೆಯುತ್ತದೆ. ಮೇಲುಗಡೆ ಡೀಸೆಲ್ ಪಂಪು ಹಚ್ಚಿದ್ದರೆ ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಗುಂಡಿಗೆ ಇಳಿಯುತ್ತದೆ, ಅದಕ್ಕೆ ವಾಸನೆಯೂ ಇಲ್ಲ.

ಇನ್ನು ಆರೈಕೆ. ಸಂತೆಯ ತಕ್ಕಡಿಗೆ ಮುದ್ರೆ ಹಾಕ್ತಾರಲ್ಲ, ಹಾಗೆ ಈ ಡಬ್ಬಿಗೂ ಒಂದು ಮುದ್ರೆ ಇದೆ, ಅದೇ ಕ್ಯಾಲಿಬ್ರೇಷನ್. ಎಷ್ಟು ವಿಷ ಇದೆ ಅಂತ ಮೊದಲೇ ಗೊತ್ತಿರುವ ಪುಟ್ಟ ಸಿಲಿಂಡರಿನ ಗ್ಯಾಸು ಬಿಟ್ಟು, ಡಬ್ಬಿ ಅಷ್ಟನ್ನೇ ತೋರಿಸುವಂತೆ ಸರಿಪಡಿಸುವುದು. ತಯಾರಕರು ಹೇಳಿದ ಅವಧಿಗೆ ಮಾಡಿಸಬೇಕು, ಬಹಳ ಕಡೆ ಆರು ತಿಂಗಳು. ಅದಕ್ಕಿಂತ ಮುಖ್ಯ ಬಂಪ್ ಟೆಸ್ಟ್. ಪ್ರತಿದಿನ ಬಳಸುವ ಮೊದಲು ಅದೇ ಗ್ಯಾಸನ್ನು ಒಂದು ಗುಟುಕು ಕುಡಿಸಿ, ಕೂಗುತ್ತದಾ ಅಂತ ನೋಡುವುದು. ಒಂದೆರಡು ನಿಮಿಷದ ಕೆಲಸ. ಸತ್ತ ಸೊನ್ನೆಗೂ ಜೀವಂತ ಸೊನ್ನೆಗೂ ವ್ಯತ್ಯಾಸ ಹೇಳುವುದು ಇದೊಂದೇ. ಕೂಗದಿದ್ದರೆ ಆ ದಿನ ಡಬ್ಬಿ ಇಲ್ಲ ಅಂತಲೇ ಲೆಕ್ಕ, ಕೆಲಸವೂ ಇಲ್ಲ. ಆ ಸಿಲಿಂಡರಿಗೂ ಮುಗಿಯುವ ತಾರೀಖು ಇರುತ್ತದೆ, ನೋಡಿ. ಸೆನ್ಸಾರುಗಳ ಆಯಸ್ಸು ಸಾಮಾನ್ಯವಾಗಿ ಎರಡು ಮೂರು ವರ್ಷ, ಬೀರುವಾದಲ್ಲಿ ಕೂತಿದ್ದರೂ ಸಾಯುತ್ತವೆ. ಆನ್ ಮಾಡುವಾಗ ಗಾಡಿಯ ಹೊಗೆಯಿಂದ ದೂರ, ಬಯಲಲ್ಲಿ ಮಾಡಬೇಕು. ಸ್ಯಾನಿಟೈಸರ್, ಪಾಲಿಶು ಹಚ್ಚಿ ಒರೆಸಬಾರದು, ಪಾಲಿಶಿನ ಸಿಲಿಕೋನ್ ಸೆನ್ಸಾರಿಗೇ ವಿಷ. ಒದ್ದೆ ಬಟ್ಟೆ ಸಾಕು.

ಇಷ್ಟನ್ನು ನಾವು ಒಂದು ಸಭೆಯಲ್ಲಿ ಹೇಳಿದಾಗ ಒಬ್ಬ ಗೆಳೆಯ ಎದ್ದು ನಿಂತು ಬೈದ. "ಏನ್ರೋ, ಇಳಿಯೋದನ್ನ ನಿಲ್ಲಿಸ್ರೋ ಅಂತ ಹೋರಾಟ ಮಾಡ್ರೋ ಅಂದ್ರೆ, ಇಳಿಯೋದು ಹೆಂಗೆ ಅಂತ ಪಾಠ ಮಾಡ್ತೀರಾ? ಡಬ್ಬಿ ಕೇಳಿದ್ರೆ ಇಳಿಯೋಕೆ ಒಪ್ಪಿಕೊಂಡ ಹಾಗಲ್ವೇನೋ?" ಅಂದ. ಸಭೆ ಚಪ್ಪಾಳೆ ಹೊಡೆಯಿತು. ನಮಗೂ ಒಳಗೊಳಗೇ ಸರಿ ಅನ್ನಿಸಿತು.

ಅವನ ಮಾತು ಅರ್ಧ ನಿಜ. ಆದ್ದರಿಂದ ನಮ್ಮ ನಿಲುವನ್ನು ಬಿಡಿಸಿ ಹೇಳ್ತೀವಿ. ಗುಂಡಿ ಶುಚಿ ಮಾಡೋಕೆ ಮನುಷ್ಯ ಇಳಿಯಲೇಬಾರದು. ಜೆಟ್ಟಿಂಗ್ ಯಂತ್ರ ಇದೆ, ಹೀರುವ ಟ್ಯಾಂಕರ್ ಇದೆ, ಪಕ್ಕದ ಕೇರಳದ ಹುಡುಗರು ಮ್ಯಾನ್‌ಹೋಲಿಗೆ ಇಳಿಯುವ ರೋಬೋವನ್ನೇ ಮಾಡಿದ್ದಾರೆ, ಬ್ಯಾಂಡಿಕೂಟ್ ಅಂತ ಹೆಸರು. 2025ರ ಜನವರಿ 29ರಂದು ಸುಪ್ರೀಂ ಕೋರ್ಟೇ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಒಳಚರಂಡಿಗೆ ಮನುಷ್ಯರನ್ನು ಇಳಿಸಿ ಶುಚಿ ಮಾಡಿಸುವುದನ್ನು ನಿಲ್ಲಿಸಿ ಅಂತ ಆದೇಶ ಮಾಡಿದೆ. ಅದರಲ್ಲಿ ರಾಜಿ ಇಲ್ಲ. ಡಬ್ಬಿ ತೋರಿಸಿ ಇಳಿಸುತ್ತೇವೆ ಅನ್ನುವವನ ಮುಖಕ್ಕೆ ಆ ಆದೇಶ ಹಿಡಿಯಬೇಕು.

ಆದರೆ ಗೆಳೆಯಾ, ನಾಳೆ ಬೆಳಿಗ್ಗೆ ಆರು ಗಂಟೆಗೆ ಮಾವನಿಗೆ ಫೋನ್ ಬರುತ್ತದೆ. ಮೋಟಾರು ಕಟ್ಟಿಕೊಂಡಿದೆ, ಬೇಗ ಬಾ ಅಂತಾರೆ. ಆಗ ನಿನ್ನ ಚಪ್ಪಾಳೆ ಅಲ್ಲಿರುವುದಿಲ್ಲ. ಆ ಹೊತ್ತಿಗೆ ಮಾವನ ಕೈಯಲ್ಲಿ ಒಂದು ಅಂಕಿ ಇದ್ದರೆ, "ಸಾಹೇಬ್ರೇ, ಇಲ್ಲಿ 40 ತೋರಿಸ್ತಾ ಇದೆ, ನಾನು ಇಳಿಯಲ್ಲ" ಅನ್ನಬಹುದು. ಬಡವನ ಮಾತಿಗೆ ಬೆಲೆ ಕೊಡದವನು ಯಂತ್ರದ ಅಂಕಿಗೆ ಹೆದರುತ್ತಾನೆ. ಇಳಿಯೋದಿಲ್ಲ ಅನ್ನೋಕೆ ಡಬ್ಬಿ, ಇಳಿಯೋಕೆ ಅಲ್ಲ. ಈ ವ್ಯತ್ಯಾಸ ನಮ್ಮ ಕೈ ತಪ್ಪಿದ ದಿನ ಅದು ಅವರ ಡಬ್ಬಿ. ಎರಡನೆಯ ಮಾತು, ಯಾವ ಯಂತ್ರ ಬಂದರೂ ಅವಘಡ ಆಗುತ್ತದೆ, ಯಾರೋ ಬೀಳುತ್ತಾರೆ, ಮಗು ಬೀಳುತ್ತದೆ. ಆಗ ಇಳಿಯಬೇಕಾದವನು ತರಬೇತಿ ಪಡೆದ, ಸಂಬಳ ಇರುವ, ಬೆನ್ನಿಗೆ ಗಾಳಿ ಕಟ್ಟಿಕೊಂಡ ರಕ್ಷಣಾ ಸಿಬ್ಬಂದಿ. ಈ ಡಬ್ಬಿಯ ನಿಜವಾದ ಯಜಮಾನ ಅವನು.

ಇಲ್ಲಿ ನಿಮಗೆ ಕೈ ಮುಗಿದು ಒಂದು ಮಾತು. ಯಾರಾದರೂ ಗುಂಡಿಯಲ್ಲಿ ಕುಸಿದರೆ, ಅವನು ನಿಮ್ಮಣ್ಣನೇ ಆಗಿರಲಿ, ಧುಮುಕಬೇಡಿ. ನಮ್ಮ ಹುಡುಗರಿಗೆ ರಕ್ತ ಬಿಸಿ, ಪ್ರೀತಿ ಜಾಸ್ತಿ, ಅದೇ ಕೊಲ್ಲುತ್ತದೆ. ಇಂಥ ಇಕ್ಕಟ್ಟಿನ ಗುಂಡಿಗಳಲ್ಲಿ ಸತ್ತವರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ ಉಳಿಸೋಕೆ ಹೋದವರೇ ಅಂತ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್ 1986ರಲ್ಲೇ ಎಚ್ಚರಿಸಿತ್ತು. ಕಗ್ಗದಾಸಪುರದಲ್ಲಿ ಆದದ್ದೂ ಅದೇ. 2015ರ ನವೆಂಬರಿನಲ್ಲಿ ಕೇರಳದ ಕೋಝಿಕ್ಕೋಡಿನಲ್ಲಿ ಚಾ ಕುಡಿಯುತ್ತಿದ್ದ ಆಟೋ ಚಾಲಕನೊಬ್ಬ ಆಂಧ್ರದ ಇಬ್ಬರು ಕೂಲಿಗಳನ್ನು ಎತ್ತೋಕೆ ಮ್ಯಾನ್‌ಹೋಲಿಗೆ ಇಳಿದು ಅವರ ಜೊತೆಗೇ ಸತ್ತ. ಮನುಷ್ಯನೆಂದರೆ ಅವನು. ಆದರೆ ನೀವು ಹಾಗೆ ಸಾಯಬೇಡಿ. 112ಕ್ಕೆ ಫೋನ್ ಮಾಡಿ, 'ಗುಂಡಿ, ವಿಷಗಾಳಿ' ಅಂತ ಸ್ಪಷ್ಟವಾಗಿ ಹೇಳಿ. ಜನರನ್ನು, ಬೀಡಿ ಸಿಗರೇಟನ್ನು ದೂರ ಸರಿಸಿ. ಗಾಳಿ ಊದುವ ಬ್ಲೋವರ್ ಇದ್ದರೆ ಶುದ್ಧ ಗಾಳಿಯನ್ನು ಒಳಗೆ ಬಿಡಿ. ಅವನ ಮೈಗೆ ಬೆಲ್ಟು ಹಗ್ಗ ಇದ್ದರೆ ಮೇಲಿಂದ ಎಳೆಯಿರಿ. ಇಲ್ಲದಿದ್ದರೆ ಮೇಲೇ ನಿಲ್ಲಿ. ನಿಲ್ಲೋದು ಇಳಿಯೋದಕ್ಕಿಂತ ಕಷ್ಟ ಅಂತ ಗೊತ್ತು.

ಖರ್ಚಿನ ಮಾತಾಡುವ ಮಹನೀಯರಿಗೂ ಎರಡು ಮಾತು. 2014ರಲ್ಲಿ ಸುಪ್ರೀಂ ಕೋರ್ಟು ಒಳಚರಂಡಿಯಲ್ಲಿ ಸತ್ತವನ ಮನೆಯವರಿಗೆ 10 ಲಕ್ಷ ಪರಿಹಾರ ಅಂದಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷ ಮಾಡಿತು. ನಮ್ಮ ಹೆಣದ ದರ ಏರಿದೆ. ಡಬ್ಬಿಯ ಬೆಲೆ ನಿಮ್ಮ ಕೈಯಲ್ಲಿರುವ ದುಬಾರಿ ಮೊಬೈಲಿನ ಆಸುಪಾಸಿನದು. ನಿಮ್ಮ ಲಾಬಿಯ ಮೀನಿನ ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತೀರಿ. ಈಜುಕೊಳದ ಕ್ಲೋರಿನ್ನನ್ನು ದಿನಾ ಬೆಳಿಗ್ಗೆ ನೋಡಿಸುತ್ತೀರಿ. ಗುಂಡಿಗೆ ಇಳಿಯುವವರು ಯಾರು ಅಂತ ಗೊತ್ತಿಲ್ಲ ಅನ್ನಬೇಡಿ. ಒಳಚರಂಡಿ ಮತ್ತು ಮಲದ ಗುಂಡಿ ಕೆಲಸಗಾರರ ಬಗ್ಗೆ 2024ರಲ್ಲಿ ಹೊರಬಂದ ಕೇಂದ್ರ ಸರ್ಕಾರದ ಲೆಕ್ಕದಲ್ಲಿ, ಆವರೆಗೆ ಗುರುತಿಸಿದ ಸುಮಾರು 38 ಸಾವಿರ ಜನರಲ್ಲಿ ನೂರಕ್ಕೆ ಸುಮಾರು 69 ಮಂದಿ ಪರಿಶಿಷ್ಟ ಜಾತಿಯವರು. ಜಾತಿ ಎಲ್ಲಿದೆ ಸ್ವಾಮಿ ಈಗ ಅಂತ ಕೇಳುವವರು ಮುಚ್ಚಳ ಎತ್ತಿ ನೋಡಬಹುದು.

ಈಗ ಮಾಡಬೇಕಾದ್ದು. ಜಲಮಂಡಳಿಗೂ ಅಗ್ನಿಶಾಮಕ ಇಲಾಖೆಗೂ ಮಾಹಿತಿ ಹಕ್ಕಿನ ಅರ್ಜಿ ಬರೆದಿದ್ದೇವೆ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಭಾಗಕ್ಕೆ ನಾಲ್ಕು ಅನಿಲಗಳ ಮಾನಿಟರುಗಳು ಎಷ್ಟಿವೆ, ಯಾವ ಯಾವ ಕಚೇರಿಯಲ್ಲಿವೆ, ಪ್ರತಿಯೊಂದರ ಕೊನೆಯ ಕ್ಯಾಲಿಬ್ರೇಷನ್ ತಾರೀಖು ಯಾವುದು, ಕಳೆದ ಆರು ತಿಂಗಳ ಬಂಪ್ ಟೆಸ್ಟ್ ರಿಜಿಸ್ಟರಿನ ನಕಲು ಕೊಡಿ, ಸಿಲಿಂಡರ್ ಖರೀದಿ ಬಿಲ್ಲಿನ ನಕಲು ಕೊಡಿ. ಬಿಲ್ಲು ಕೇಳೋದನ್ನು ಮರೀಬೇಡಿ. ರಿಜಿಸ್ಟರನ್ನು ಒಂದೇ ರಾತ್ರಿ ಕೂತು ಬರೆಯಬಹುದು, ಪರೀಕ್ಷೆಯ ಗ್ಯಾಸು ಕೊಂಡ ಬಿಲ್ಲು ಹಾಗೆ ಹುಟ್ಟುವುದಿಲ್ಲ. ಖಾಸಗಿ ಅಪಾರ್ಟ್‌ಮೆಂಟುಗಳಿಗೆ ಈ ಕಾಯ್ದೆ ನೇರವಾಗಿ ತಾಗುವುದಿಲ್ಲ, ಅಲ್ಲಿ ಕೆಲಸ ಮಾಡುವ ನಮ್ಮವರನ್ನೇ ಕೇಳಿ ಪಟ್ಟಿ ಮಾಡಬೇಕು. ಅವರ ಹೆಸರು ಹೊರಗೆ ಬರಕೂಡದು.

ಬನ್ನೇರುಘಟ್ಟ ರಸ್ತೆಯಲ್ಲಿ ಅಗ್ನಿಶಾಮಕ ದಳದ ಆರ್.ಎ. ಮುಂಡ್ಕೂರ್ ತರಬೇತಿ ಅಕಾಡೆಮಿ ಇದೆ, ಜಯನಗರದಿಂದ ದೂರವೇನಲ್ಲ. ಎಸ್‌ಟಿಪಿ ಕೆಲಸಗಾರರಿಗೂ ಹಾಸ್ಟೆಲ್ ಹುಡುಗರಿಗೂ ಒಂದು ದಿನ ಈ ಡಬ್ಬಿಯ ಪಾಠ ಮಾಡಿ ಅಂತ ಅಲ್ಲಿಗೆ ಮನವಿ ಕೊಡೋಣ.

ಅರ್ಜಿಯ ನಮೂನೆ ಈ ಹಾಳೆ ಮಾರುವ ಹುಡುಗರ ಹತ್ತಿರ ಇದೆ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನ ನಕಲು ಇಟ್ಟರೆ ಅದೂ ಇಲ್ಲ. ಒಬ್ಬೊಬ್ಬರು ಒಂದೊಂದು ಹಾಕಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಬಂದದ್ದನ್ನು, ಬಾರದ್ದನ್ನೂ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಮಾವನ ಬೀರುವಾದ ಡಬ್ಬಿಗೆ ಹೊಸ ಸೆನ್ಸಾರ್ ತರಿಸಿ ಅಂತ ಅವರು ಕಮಿಟಿಗೆ ಕಾಗದ ಬರೆಯೋಕೆ ಒಪ್ಪಿದ್ದಾರೆ. ಅಕ್ಷರ ನಾವು ಬರೆದುಕೊಟ್ಟೆವು, ಸಹಿ ಅವರದು. ನಕಲಿನ ಮೇಲೆ ತಲುಪಿದೆ ಅಂತ ಸೀಲು ಹಾಕಿಸಿಕೊಳ್ಳಿ ಮಾವ ಅಂದಿದ್ದೇವೆ.